ಪಂಪು ನಿಂತಿತ್ತು, ಕ್ಲೋರಿನ್ ಯಂತ್ರ ನಿಂತಿರಲಿಲ್ಲ

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಹೋದ ವರ್ಷ ಸುಮಾರು 60,000 ಲೀಟರಿನ ಪೂಲ್ ಕಟ್ಟಿಸಿದೆವು. ದಿನಾ ಪುಡಿ ಕಲಸಿ ಹಾಕುವ ರಗಳೆ ಬೇಡ ಅಂತ ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಯಂತ್ರ ಹಾಕಿಸಿದೆವು. ಪಂಪು ಒಂದೂವರೆ ಎಚ್‌ಪಿ, ಸಿಂಗಲ್ ಫೇಸ್. ಟೈಮರ್ ಇಟ್ಟು ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಓಡಿಸುತ್ತೇವೆ. ಆದರೆ ವೈರಿಂಗ್ ಮಾಡಿದವರು ಕ್ಲೋರಿನ್ ಯಂತ್ರವನ್ನು ಪಕ್ಕದ ಸಾಕೆಟ್‌ಗೆ ನೇರವಾಗಿ ಸಿಕ್ಕಿಸಿ ಹೋದರು. 'ನೀರು ಓಡದಿದ್ದರೆ ಅದೇ ಆಫ್ ಆಗುತ್ತೆ, ಸೆನ್ಸರ್ ಇದೆ' ಅಂದರು. ಕಳೆದ ತಿಂಗಳು ಬೆಳಿಗ್ಗೆ ಪಂಪು ಶುರುವಾಗುವ ಹೊತ್ತಿಗೆ ಢಬ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಸೆಲ್‌ನ, ಅಂದರೆ ನೀರು ಹಾದುಹೋಗುವಾಗ ಕ್ಲೋರಿನ್ ಆಗುವ ಡಬ್ಬಿಯ, ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟಿತ್ತು. ಈಗ ಹೊಸ ಸೆಲ್ ಬಂದಿದೆ. ಯಂತ್ರವನ್ನೂ ಪಂಪಿನ ಟೈಮರ್‌ಗೇ ಸೇರಿಸಬಹುದಾ? ಟೈಮರ್ ಮೇಲೆ 16 ಆಂಪ್ ಅಂತ ಬರೆದಿದೆ, ತಡೆಯುತ್ತಾ?

ಉತ್ತರ: ಸೇರಿಸಬಹುದಾ ಅಂತಲ್ಲ, ಸೇರಿಸಲೇಬೇಕು. ಕವಚ ಬಿರುಕು ಬಿಟ್ಟಿದ್ದಕ್ಕೆ ಯಾರಿಗೂ ಪೆಟ್ಟಾಗದೆ ಮುಗಿಯಿತಲ್ಲ, ಅದೇ ಪುಣ್ಯ.

ಆ ಸೆಲ್ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡಿ. ಟೈಟಾನಿಯಂ ತಗಡುಗಳಿಗೆ ಡಿಸಿ ಕರೆಂಟ್ ಕೊಟ್ಟಾಗ ಉಪ್ಪುನೀರು ಒಡೆದು ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಹೈಡ್ರೋಜನ್ ಬರುತ್ತದೆ. ಕ್ಲೋರಿನ್ ನೀರಿನಲ್ಲಿ ಕರಗುತ್ತದೆ, ಹೈಡ್ರೋಜನ್ ಕರಗುವುದಿಲ್ಲ. ಗಂಟೆಗೆ 20 ಗ್ರಾಂ ಕ್ಲೋರಿನ್ ಮಾಡುವ ಸೆಲ್ ಅದರ ಜೊತೆಗೇ ಗಂಟೆಗೆ ಹೆಚ್ಚುಕಮ್ಮಿ 7 ಲೀಟರ್ ಹೈಡ್ರೋಜನ್ ಬಿಡುತ್ತದೆ. ಪಂಪು ಓಡುತ್ತಿದ್ದರೆ ಅದು ಗುಳ್ಳೆಗುಳ್ಳೆಯಾಗಿ ಪೂಲ್‌ಗೆ ಬಂದು ಗಾಳಿಗೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಪಂಪು ನಿಂತು ಯಂತ್ರ ನಡೆಯುತ್ತಿದ್ದರೆ ಅದು ಸೆಲ್‌ನಲ್ಲೇ ಕೂಡಿಕೊಳ್ಳುತ್ತದೆ, ನೀರನ್ನು ಕೆಳಗೆ ತಳ್ಳುತ್ತದೆ, ತಗಡಿನ ತಲೆ ನೀರಿನಿಂದ ಹೊರಗೆ ಬರುತ್ತದೆ. ಆಮೇಲೆ ಒಂದು ಸಣ್ಣ ಕಿಡಿ ಸಾಕು. ನೀವು ಕೇಳಿದ ಢಬ್ ಅದೇ ಇರಬೇಕು.

ಹಾಗಾದರೆ ಸೆನ್ಸರ್ ಏನಾಯಿತು? ಫ್ಲೋ ಸ್ವಿಚ್ ಅಂದರೆ ಪೈಪಿನೊಳಗೆ ನೀರು ತಳ್ಳಿದಾಗ ವಾಲುವ ಒಂದು ಪುಟ್ಟ ರೆಕ್ಕೆ, ಅಷ್ಟೇ. ಎಲೆಯ ಚೂರು ಸಿಕ್ಕಿಕೊಂಡರೆ, ಸುಣ್ಣ ಕಟ್ಟಿದರೆ ವಾಲಿದಲ್ಲೇ ನಿಂತುಬಿಡುತ್ತದೆ. ಆಗ ನೀರು ನಿಂತರೂ ಯಂತ್ರಕ್ಕೆ 'ಓಡುತ್ತಿದೆ' ಅಂತಲೇ ಹೇಳುತ್ತಿರುತ್ತದೆ. ಒಂದು ರೆಸಾರ್ಟ್‌ನಲ್ಲಿ ನಾನು ಬಿಚ್ಚಿ ನೋಡಿದಾಗ ರೆಕ್ಕೆಗೆ ಸಿಲ್ವರ್ ಓಕ್ ಎಲೆಯ ನಾರು ಸುತ್ತಿಕೊಂಡಿತ್ತು. ತೋಟದ ಮಧ್ಯೆ ಪೂಲ್ ಕಟ್ಟಿದರೆ ಇದೆಲ್ಲ ಇದ್ದದ್ದೇ.

ಟೈಮರ್ ಕಥೆಯೂ ಅಷ್ಟೇ, ಅದಕ್ಕೆ ಗಂಟೆ ಗೊತ್ತು, ನೀರು ಗೊತ್ತಿಲ್ಲ. ಅದಕ್ಕೇ ಎರಡೂ ಬೇಕು. ಒಂದಿದೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ಈಗ ವೈರಿಂಗ್. 16 ಆಂಪ್ ಅಂತ ಬರೆದಿರುವುದನ್ನು ನಂಬಿಕೊಂಡು ಪಂಪನ್ನು ನೇರವಾಗಿ ಟೈಮರ್ ಮೇಲೆ ಓಡಿಸಬೇಡಿ. ಆ ಲೆಕ್ಕ ಸಾಮಾನ್ಯವಾಗಿ ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಲೋಡ್‌ಗೆ ಹೇಳಿದ್ದು. ಒಂದೂವರೆ ಎಚ್‌ಪಿ ಮೋಟರು ಓಡುವಾಗ ಎಂಟೊಂಬತ್ತು ಆಂಪ್ ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ದಿನಕ್ಕೆ ಎರಡು ಸಲ ಹಾಗೆ ಆದರೆ ಟೈಮರ್ ಒಳಗಿನ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತದೆ, ಆಮೇಲೆ ಪಂಪು ನಿಲ್ಲುವುದೇ ಇಲ್ಲ. ಕ್ಲೋರಿನ್ ಯಂತ್ರದ್ದು ದೊಡ್ಡ ಭಾರವಲ್ಲ, ನಿಮ್ಮ ಅಳತೆಯ ಪೂಲ್‌ಗೆ ಹಾಕುವಂಥದ್ದು ಒಂದು ಆಂಪ್ ಆಸುಪಾಸು.

ನಾನಾಗಿದ್ದರೆ ನಾಲ್ಕು ಪೋಲ್‌ನ, 230 ವೋಲ್ಟ್ ಕಾಯಿಲ್ ಇರುವ ಒಂದು ಕಾಂಟ್ಯಾಕ್ಟರ್ ಹಾಕುತ್ತಿದ್ದೆ. ಕಾಂಟ್ಯಾಕ್ಟರ್ ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ತಾನೇ ಆನ್ ಆಗುವ ದೊಡ್ಡ ಸ್ವಿಚ್, ಪೋಲ್ ಅಂದರೆ ಅದು ಸೇರಿಸಿ ಬಿಡಿಸುವ ಒಂದೊಂದು ವೈರಿನ ದಾರಿ. ಟೈಮರ್ ಆ ಕಾಯಿಲ್ ಅನ್ನು ಮಾತ್ರ ಆನ್ ಆಫ್ ಮಾಡಲಿ. ಎರಡು ಪೋಲ್‌ನಲ್ಲಿ ಪಂಪಿನ ಫೇಸ್ ಮತ್ತು ನ್ಯೂಟ್ರಲ್, ಉಳಿದ ಎರಡರಲ್ಲಿ ಕ್ಲೋರಿನ್ ಯಂತ್ರದ ಫೇಸ್ ಮತ್ತು ನ್ಯೂಟ್ರಲ್. ಪಂಪಿಗೆ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಯಂತ್ರಕ್ಕೆ ಬೇರೆಯೇ ಒಂದು ಚಿಕ್ಕ ಎಂಸಿಬಿ, ಎರಡಕ್ಕೂ ಮುಂಚೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಪಂಪಿನ ಟರ್ಮಿನಲ್‌ನಿಂದಲೇ ಒಂದು ತುಂಡು ವೈರ್ ಎಳೆದು ಯಂತ್ರಕ್ಕೆ ಕೊಟ್ಟರೂ ಕೆಲಸ ನಡೆಯುತ್ತದೆ, ಬಹಳ ಕಡೆ ಹಾಗೇ ಮಾಡಿರುತ್ತಾರೆ, ಆದರೆ ಮೋಟರು ನಿಲ್ಲುವಾಗ ಬರುವ ವೋಲ್ಟೇಜ್ ಒದೆತ ಸೀದಾ ಯಂತ್ರದ ಬೋರ್ಡಿಗೆ ಬೀಳುತ್ತದೆ. ಬೇರೆ ಪೋಲ್ ಆದರೆ ಆ ಕಾಟ ಇಲ್ಲ.

ಇಲ್ಲೊಂದು ಸಣ್ಣ ಉಪಾಯ ಇದೆ, ನಿಮ್ಮ ವೈರ್‌ಮನ್‌ಗೆ ಖಂಡಿತ ಹೇಳಿ. ಟೈಮರ್‌ಗೂ ಕಾಯಿಲ್‌ಗೂ ಕರೆಂಟನ್ನು ಪಂಪಿನ ಎಂಸಿಬಿ ದಾಟಿದ ಮೇಲೆ ತೆಗೆದುಕೊಳ್ಳಬೇಕು. ಆಗ ಪಂಪಿನ ಎಂಸಿಬಿ ಬಿದ್ದರೆ ಕಾಯಿಲ್ ಬಿಡುತ್ತದೆ, ಕ್ಲೋರಿನ್ ಯಂತ್ರವೂ ನಿಲ್ಲುತ್ತದೆ. ಎಂಸಿಬಿಗಿಂತ ಮುಂಚೆಯೇ ತೆಗೆದರೆ, ಅದು ಬಿದ್ದಾಗ ಪಂಪು ಸತ್ತಿರುತ್ತದೆ, ಯಂತ್ರ ಮಾತ್ರ ಬದುಕಿರುತ್ತದೆ. ಮತ್ತೆ ಅದೇ ಢಬ್.

ಹೀಗೆ ಮಾಡಿದರೂ ತಪ್ಪಿಸಿಕೊಳ್ಳುವ ಸಂದರ್ಭ ಇವೆ: ಮೋಟರು ಬಿಸಿಯಾಗಿ ಒಳಗಿನ ಥರ್ಮಲ್ ಕಟ್ ಆಗಬಹುದು, ಪಂಪಿನ ಕಸ ಹಿಡಿಯುವ ಬಾಸ್ಕೆಟ್‌ನಲ್ಲಿ ಎಲೆ ತುಂಬಿ ನೀರು ಬರದೇ ಹೋಗಬಹುದು, ಯಾರೋ ವಾಲ್ವ್ ಮುಚ್ಚಿ ಮರೆಯಬಹುದು. ಅಲ್ಲೆಲ್ಲ ಕಾಪಾಡುವುದು ಫ್ಲೋ ಸ್ವಿಚ್ಚೇ. ಅದು ಸರಿಯಿದೆಯಾ ಅಂತ ಪರೀಕ್ಷಿಸಲು ಪಂಪಿನ ಹತ್ತಿರ, ಕಾಂಟ್ಯಾಕ್ಟರ್ ಆದ ಮೇಲೆ, ಪಂಪಿನ ಕರೆಂಟನ್ನು ಮಾತ್ರ ಕಡಿಯುವ ಒಂದು ಐಸೊಲೇಟರ್ ಸ್ವಿಚ್ ಹಾಕಿಸಿ. ತಿಂಗಳಿಗೊಮ್ಮೆ ಎರಡೂ ಓಡುತ್ತಿರುವಾಗ ಐಸೊಲೇಟರ್ ಆಫ್ ಮಾಡಿ ಯಂತ್ರದ ಮುಂದೆ ನಿಂತು ನೋಡಿ. ನೀರಿಲ್ಲ ಅನ್ನುವ ದೀಪ ಒಂದು ನಿಮಿಷದೊಳಗೆ ಹತ್ತಬೇಕು. ಹತ್ತದಿದ್ದರೆ ಯಂತ್ರವನ್ನು ಆಫ್ ಮಾಡಿ, ಫ್ಲೋ ಸ್ವಿಚ್ ಸರಿಯಾಗುವವರೆಗೆ ಮುಟ್ಟಬೇಡಿ. ಎರಡು ದಿನ ಕೈಯಲ್ಲಿ ಕ್ಲೋರಿನ್ ಹಾಕಿದರೆ ಏನೂ ಮುಳುಗಿಹೋಗುವುದಿಲ್ಲ.

ಟೈಮರನ್ನು ಯಂತ್ರಕ್ಕೂ ಸೆಲ್‌ಗೂ ನಡುವಿನ ಕೇಬಲ್‌ನಲ್ಲಿ ಯಾವತ್ತೂ ಕೂರಿಸಬೇಡಿ. ಅದು ಡಿಸಿ, ಮೇಲಾಗಿ ಯಂತ್ರ ತಗಡು ಸ್ವಚ್ಛ ಮಾಡಿಕೊಳ್ಳಲು ಕೆಲವು ಗಂಟೆಗೊಮ್ಮೆ ಪ್ಲಸ್ ಮೈನಸ್ ಅದಲುಬದಲು ಮಾಡುತ್ತಿರುತ್ತದೆ. ಏನಿದ್ದರೂ ಯಂತ್ರಕ್ಕೆ ಬರುವ 230 ವೋಲ್ಟ್ ಕಡೆ.

ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಎಷ್ಟು ಸಲ ಅಂತ ನಾನು ಹೇಳಬೇಕಾಗಿಲ್ಲ. ಮುಳ್ಳು ತಿರುಗುವ ಟೈಮರ್ ಆದರೆ ಬ್ಯಾಟರಿ ಇರುವಂಥದ್ದೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಇಲ್ಲದಷ್ಟು ಹೊತ್ತು ಗಡಿಯಾರವೂ ನಿಂತು, ವಾರ ಕಳೆಯುವಷ್ಟರಲ್ಲಿ ಬೆಳಗಿನ ಪಂಪು ಮಧ್ಯಾಹ್ನ ಓಡುತ್ತಿರುತ್ತದೆ.

ಟೈಮರ್, ಎಂಸಿಬಿ ಇರುವ ಸ್ವಿಚ್ ಬೋರ್ಡು ಪೂಲ್ ಅಂಚಿನಿಂದ ಕನಿಷ್ಠ ಮೂರೂವರೆ ಮೀಟರ್ ಆಚೆ, ನೆರಳಲ್ಲಿ ಇರಲಿ. ಏಣಿ, ಕಂಬಿ, ಪಂಪಿನ ಮೈ, ಎಲ್ಲ ಲೋಹವನ್ನೂ ಒಂದೇ ಅರ್ಥ್‌ಗೆ ಕಟ್ಟಿಸಿ. ಉಪ್ಪುನೀರಲ್ಲಿ ಒದ್ದೆ ಮೈಯಲ್ಲಿರುವ ಅತಿಥಿಗಳ ವಿಷಯ ಇದು, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಿ. ಸೆಲ್ ಬದಲಾಯಿಸುವ ಕೆಲಸ ನಿಮ್ಮದು, ವೈರ್ ಮುಟ್ಟುವ ಕೆಲಸ ಅವರದು.

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಹಿತ್ತಲಿನ ಪೂಲ್‌ನ ಹಳೆ ಪಂಪು ಕೆಟ್ಟು, ವೇಗ ಬದಲಾಯಿಸಬಹುದಾದ ಹೊಸ ಪಂಪು ಬಂತು. ಅದರಲ್ಲೇ ಟೈಮರ್ ಇದೆ. ಹಳೆಯ 240 ವೋಲ್ಟ್ ಮುಳ್ಳಿನ ಟೈಮರ್ ಗೋಡೆಯ ಮೇಲೆ ಹಾಗೇ ಇದೆ, ಕ್ಲೋರಿನ್ ಯಂತ್ರ ಅದಕ್ಕೇ ಸೇರಿದೆ. ಪಂಪನ್ನೂ ಅದಕ್ಕೇ ಕೊಡಲಾ?

ಉತ್ತರ: ಬೇಡ. 2021ರ ಜುಲೈಯಿಂದ ಅಮೆರಿಕದಲ್ಲಿ ಹೊಸ ಪೂಲ್ ಪಂಪುಗಳಿಗೆ ವಿದ್ಯುತ್ ಉಳಿತಾಯದ ನಿಯಮ ಬಂದ ಮೇಲೆ ಇದೇ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಈ ಪಂಪಿಗೆ ಕರೆಂಟ್ ಸದಾ ಇರಬೇಕು. ಚಳಿ ಜಾಸ್ತಿಯಾದಾಗ ಪೈಪಿನಲ್ಲಿ ನೀರು ಹೆಪ್ಪುಗಟ್ಟದ ಹಾಗೆ ತಾನೇ ಓಡುವ ಗುಣ ಇಂಥ ಅನೇಕ ಪಂಪುಗಳಿಗೆ ಇದೆ. ಟೈಮರ್ ಕರೆಂಟ್ ಕತ್ತರಿಸಿದ್ದರೆ ಅದು ಎಲ್ಲಿಂದ ಓಡಬೇಕು? 2021ರ ಫೆಬ್ರವರಿಯ ಹಿಮ ನೋಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಈಗ ನಿಮ್ಮಲ್ಲಿ ಎರಡು ಗಡಿಯಾರ ಆದವು, ಒಂದಕ್ಕೊಂದು ಪರಿಚಯವೇ ಇಲ್ಲ. ಪಂಪಿಗೆ ರಿಲೇ ಔಟ್‌ಪುಟ್ (ಪಂಪು ಓಡುವಾಗ ಇನ್ನೊಂದು ಯಂತ್ರವನ್ನು ಆನ್ ಮಾಡಬಲ್ಲ ಒಳಗಿನ ಸ್ವಿಚ್) ಇದ್ದರೆ ಅದರಿಂದ ಕ್ಲೋರಿನ್ ಯಂತ್ರ ಆನ್ ಆಗುವ ಹಾಗೆ ಮಾಡಿಸುವುದು ಸರಿಯಾದ ದಾರಿ. ಅದಿಲ್ಲದಿದ್ದರೆ ಹಳೆ ಟೈಮರನ್ನು ಯಂತ್ರಕ್ಕೆ ಮಾತ್ರ ಇಟ್ಟುಕೊಂಡು, ಪಂಪು ಶುರುವಾದ ಅರ್ಧ ಗಂಟೆಯ ಮೇಲೆ ಆನ್, ನಿಲ್ಲುವ ಅರ್ಧ ಗಂಟೆ ಮುಂಚೆ ಆಫ್ ಅಂತ ಇಡಿ. ಕರೆಂಟ್ ಹೋಗಿ ಬಂದಾಗಲೆಲ್ಲ, ಸಮ್ಮರ್ ಟೈಮ್‌ಗೆ ಅಂತ ಊರಿನ ಗಡಿಯಾರ ಹಿಂದೆಮುಂದೆ ಆದಾಗಲೆಲ್ಲ ಎರಡೂ ಗಡಿಯಾರ ಹೊಂದಿಸಬೇಕು. ಅದು ಮರೆತುಹೋಗುವ ಕೆಲಸ, ನಾನೇ ಮರೆಯುತ್ತೇನೆ, ಹಾಗಾಗಿ ರಿಲೇಗೆ ಖರ್ಚು ಮಾಡಿ. ಇನ್ನೊಂದು ಮಾತು: ತೀರಾ ಕಡಿಮೆ ವೇಗದಲ್ಲಿ ಓಡಿಸಿದರೆ ನೀರಿನ ತಳ್ಳು ಸಾಲದೆ ಫ್ಲೋ ಸ್ವಿಚ್ ವಾಲುವುದೇ ಇಲ್ಲ, ಯಂತ್ರ ಕೆಟ್ಟಿದೆ ಅಂತ ನೀವು ಅಂದುಕೊಳ್ಳುತ್ತೀರಿ. ದೀಪ ಹಸಿರಾಗುವವರೆಗೆ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಅದರ ಮೇಲೆ ಇನ್ನೊಂಚೂರು ಸೇರಿಸಿ ಬಿಡಿ.

ಪ್ರಶ್ನೆ: ಜೋರು ಮಳೆ ಆದ ಮೇಲೆ ನಮ್ಮ ಯಂತ್ರ 'ಉಪ್ಪು ಕಡಿಮೆ' ಅಂತ ತೋರಿಸುತ್ತದೆ. ಟೈಮರ್‌ನಲ್ಲಿ ಗಂಟೆ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಪೂಲ್ ತುಂಬಿ ಹರಿದಾಗ ಉಪ್ಪೂ ಹರಿದುಹೋಗಿದೆ, ಗಂಟೆ ಏರಿಸಿದರೆ ಸೆಲ್ ಸವೆಯುತ್ತದೆ ಅಷ್ಟೇ. ಹೆಚ್ಚಿನ ಯಂತ್ರಗಳಿಗೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಬೇಕು. ಅಂದರೆ 60,000 ಲೀಟರಿನ ಪೂಲ್‌ನಲ್ಲಿ ಅರ್ಧ ಗ್ರಾಂ ಇಳಿದಿದ್ದರೆ 30 ಕೆಜಿ ಹಾಕಬೇಕು. ಮೊದಲು ನೀರು ಅಳೆಯಿರಿ. ಅಯೋಡಿನ್ ಇಲ್ಲದ ಉಪ್ಪು ತನ್ನಿ, ಯಂತ್ರ ಆಫ್ ಮಾಡಿ, ಪಂಪು ಮಾತ್ರ ಓಡಿಸುತ್ತಾ ಸುತ್ತಲೂ ಚೆಲ್ಲಿ. ಪೂರ್ತಿ ಕರಗಲು ಒಂದು ದಿನ ಬಿಟ್ಟು ಆಮೇಲೆ ಯಂತ್ರ ಹಾಕಿ.