ಟೈಲ್ಸ್ ಶೇಡ್ ಆಮೇಲೆ, ಮೊದಲು ಮನೆಗೆ ಯಾವ ಬಲ್ಬ್ ಹೇಳಿ

ಹಾಲ್‌ಗೂ ಕೆಳಗಿನ ಬಟ್ಟೆ ಅಂಗಡಿಗೂ ಒಂದೇ ಗೋಲ್ಡನ್ ಗ್ಲಾಸಿ ಟೈಲ್ಸ್ ಹಾಕಿಸಬೇಕು, ಯಾವ ಶೇಡ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿದ ಕೂಡಲೇ ನಮ್ಮ ಮನೆ ಗೃಹಪ್ರವೇಶದ ರಾತ್ರಿ ಕಣ್ಣ ಮುಂದೆ ಬಂತು.

ನಮ್ಮದು ಕೋಲಾರ. ಅಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಸೀರೆ, ಪಂಚೆ ಮಾರಲು ಶುರು ಮಾಡಿದರು. ಬಾಡಿಗೆ ಮನೆ, ಬಾಡಿಗೆ ಮಳಿಗೆ. 2018ರಲ್ಲಿ ಸ್ವಂತ ಸೈಟಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಅಂತ ಕಟ್ಟಿಸಿದೆವು. ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ. ನೆಲ ಬಂಗಾರದ ಬಣ್ಣ ಇರಬೇಕು. ಅಷ್ಟು ವರ್ಷ ಬಂಗಾರ ತೆಗೆದವರು, ಮನೆಯಲ್ಲಿ ಅದರ ಬಣ್ಣವಾದರೂ ಇರಲಿ ಅನ್ನೋದು ನನಗೂ ಸರಿ ಅನಿಸಿತು.

ಬೆಂಗಳೂರಿನ ಒಂದು ದೊಡ್ಡ ಶೋರೂಮಿಗೆ ಹೋದೆವು. ಎರಡು ಅಡಿಗೆ ನಾಲ್ಕು ಅಡಿ ಟೈಲ್ಸ್, ಜೇನುತುಪ್ಪದ ಬಣ್ಣ, ಒಳಗಿಂದಲೇ ಹೊಳೆಯುವ ಹಾಗಿತ್ತು. ಚದರ ಅಡಿಗೆ 78 ರೂಪಾಯಿ. ಹಾಲ್ 16ಕ್ಕೆ 20, ಅಂಗಡಿ 12ಕ್ಕೆ 30, ಒಟ್ಟು 680 ಚದರ ಅಡಿ. ಕಟಿಂಗಿನಲ್ಲಿ ಹೋಗೋದಕ್ಕೆ ಅಂತ ಶೇಕಡಾ 10 ಸೇರಿಸಿ 49 ಬಾಕ್ಸ್. ಸುಮಾರು 59 ಸಾವಿರ ರೂಪಾಯಿ ಅಲ್ಲೇ ಕಟ್ಟಿ ಬಂದೆವು.

ಗೃಹಪ್ರವೇಶದ ದಿನ ಹಗಲೆಲ್ಲ ಜನ, ನೆಲ ಯಾರ ಕಣ್ಣಿಗೂ ಬೀಳಲಿಲ್ಲ. ರಾತ್ರಿ ಎಲ್ಲರೂ ಹೋದ ಮೇಲೆ ಟ್ಯೂಬ್‌ಲೈಟ್ ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಯಾಕೋ ಪಾಚಿ ಕಟ್ಟಿದ ಹಂಗೆ ಕಾಣ್ತದೆ ಅಲ್ವೇನಮ್ಮ" ಅಂದರು. ನಿಜವಾಗಿಯೂ ಹಾಗೇ ಇತ್ತು. ಜೇನು ಹೋಗಿ, ಹಸಿರು ಮಿಶ್ರಿತ ಮಂಕು ಹಳದಿ.

ಮರುದಿನ ಉಳಿದ ಒಂದು ಟೈಲ್ಸನ್ನು ಆಟೋದಲ್ಲಿ ಹಾಕಿಕೊಂಡು ಒಂದು ಚಿನ್ನದಂಗಡಿಗೆ ತಗೊಂಡು ಹೋದೆ. ಅಲ್ಲಿ ಅದು ಮತ್ತೆ ಬಂಗಾರ! ಮಾಲೀಕರು ಪರಿಚಯದವರು. ಮೇಲಿನ ಬಲ್ಬ್ ತೋರಿಸಿದರು. ಒಡವೆ ಇರೋ ಕಡೆ ಹಳದಿ ಬೆಳಕು, ಬೆಳ್ಳಿ ಮತ್ತು ವಜ್ರ ಇರೋ ಕಡೆ ಬಿಳಿ ಬೆಳಕು. ಶೋರೂಮಿನಲ್ಲೂ ತಲೆ ಮೇಲೆ ಇಂಥದೇ ಹಳದಿ ದೀಪ ಇದ್ದವು ಅನ್ನೋದು ಆಗ ನೆನಪಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡಿದ್ದೆಲ್ಲ ಇದೊಂದರಿಂದಲೇ. ಹಳದಿ ವಸ್ತು ತನ್ನ ಮೇಲೆ ಬಿದ್ದ ನೀಲಿ ಬೆಳಕನ್ನು ನುಂಗಿಕೊಳ್ಳುತ್ತದೆ, ಕೆಂಪು, ಹಳದಿ, ಹಸಿರನ್ನು ವಾಪಸ್ ಕೊಡುತ್ತದೆ. ಬಲ್ಬಿನ ಡಬ್ಬಿ ಮೇಲೆ ವಾರ್ಮ್ ವೈಟ್, 3000 ಕೆ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ಆ ಬೆಳಕಿನಲ್ಲಿ ಕೆಂಪು, ಹಳದಿ ಜಾಸ್ತಿ. ಟೈಲ್ಸ್ ತುಂಬಿಕೊಂಡು ಹೊಳೆಯುತ್ತದೆ. ಕೂಲ್ ಡೇಲೈಟ್, 6500 ಕೆ ಅಂತ ಇದ್ದರೆ ನೀಲಿ ಜಾಸ್ತಿ, ಕೆಂಪು ಕಡಿಮೆ. ನಮ್ಮ ಕಡೆ ಮನೆಗಳಲ್ಲಿ ಉರಿಯೋ ಟ್ಯೂಬ್‌ಗಳು ಹೆಚ್ಚಾಗಿ ಇವೇ. ನೀಲಿಯನ್ನು ಟೈಲ್ಸ್ ನುಂಗಿತು, ವಾಪಸ್ ಕೊಡಲು ಕೆಂಪು ಸಾಲಲಿಲ್ಲ, ಹಸಿರು ಎದ್ದು ಕಂಡಿತು. ಟೈಲ್ಸ್ ಕೆಟ್ಟದ್ದಲ್ಲ, ಶೋರೂಮಿನವರು ಬೇರೆ ಮಾಲು ಕಳಿಸಿದ್ದೂ ಅಲ್ಲ. ಬೆಳಕು ಬೇರೆ, ಅಷ್ಟೇ. ಇನ್ನೊಂದು ವಿಷಯ. ಅಲ್ಲಿ ಟೈಲ್ಸ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಂತಿತ್ತು, ದೀಪ ನೇರವಾಗಿ ಅದರ ಮೇಲೆ. ಮನೆಯಲ್ಲಿ ಅದು ಮಲಗಿರುತ್ತದೆ, ನಾವು ಮೇಲಿಂದ ನೋಡುತ್ತೇವೆ. ಒಂದು ತುಂಡಿನಲ್ಲಿ ಹಿತವಾಗಿದ್ದ ಬಣ್ಣ ಮುನ್ನೂರು ಅಡಿ ಹರಡಿದಾಗ ಭಾರವಾಗುತ್ತದೆ.

ಹಾಲ್‌ನಲ್ಲಿ ಇದಕ್ಕೆ ಪರಿಹಾರ ಸುಲಭವಾಗಿತ್ತು. ಟ್ಯೂಬ್ ತೆಗೆಸಿ 3000 ಕೆ ಬಲ್ಬ್ ಆರು ಹಾಕಿಸಿದೆ. ಖರ್ಚು 900 ರೂಪಾಯಿ. ಅಪ್ಪ ಕೇಳಿದ್ದ ನೆಲ ಆ ಸಂಜೆ ಬಂತು.

ಅಂಗಡಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಬಿಳಿ ಬೆಳಕು ಇಟ್ಟರೆ ನೆಲ ಪಾಚಿ, ಹಳದಿ ಬೆಳಕು ಇಟ್ಟರೆ ಬಟ್ಟೆಯ ಬಣ್ಣವೇ ಬದಲು. ಹೊಳೆಯುವ ನೆಲ ತನ್ನ ಹಳದಿಯನ್ನು ಮೇಲಕ್ಕೂ ಎಸೆಯುತ್ತದೆ. ಹೊಸ ಬಿಳಿ ಪಂಚೆ ಬಿಚ್ಚಿ ತೋರಿಸಿದರೆ, "ಇದು ಹಳೇ ಸ್ಟಾಕಾ ಅಕ್ಕಾ?" ಅಂತ ಕೇಳುತ್ತಿದ್ದರು. ಸೀರೆ ಹಿಡಿದುಕೊಂಡು ಬಾಗಿಲಿಗೆ ಹೋಗಿ ಬಿಸಿಲಿನಲ್ಲಿ ನೋಡೋರು. ಬಾಗಿಲಿಗೆ ಹೋದವರಲ್ಲಿ ಕೆಲವರು ಸೀರೆ ವಾಪಸ್ ಕೊಟ್ಟು ಹಾಗೇ ಹೋಗುತ್ತಿದ್ದರು. ಅಪ್ಪ ಕಷ್ಟಪಟ್ಟು ಸಂಪಾದಿಸಿದ ಗಿರಾಕಿಗಳು. ತುಂಬಾ ಸಂಕಟ ಆಗುತ್ತಿತ್ತು. ಜೊತೆಗೆ ನಮ್ಮ ಕೆಂಪು ಮಣ್ಣು. ಚಪ್ಪಲಿಗೆ ಅಂಟಿ ಬಂದ ಮರಳಿಗೆ ಎರಡೇ ವರ್ಷದಲ್ಲಿ ಕೌಂಟರ್ ಮುಂದಿನ ಹೊಳಪು ಹೋಯಿತು. ಬೋರ್‌ವೆಲ್ ನೀರಿನಲ್ಲಿ ಒರೆಸಿದರೆ ಬಿಳಿ ಉಪ್ಪಿನ ಗೆರೆ. ಕೊನೆಗೆ ಅದರ ಮೇಲೆಯೇ ಗಮ್ ಹಾಕಿ ಐವರಿ ಬಣ್ಣದ ಮ್ಯಾಟ್ ಟೈಲ್ಸ್ ಕೂರಿಸಿದೆವು. ನೆಲ ಅರ್ಧ ಇಂಚು ಮೇಲೆ ಬಂದು ಒಳಬಾಗಿಲು ಕೊಯ್ಯಿಸಬೇಕಾಯಿತು. ಬಲ್ಬ್ 4000 ಕೆ ಮಾಡಿದೆ. ಈಗ ಬಿಳಿ ಬಿಳಿಯಾಗೇ ಕಾಣುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಬಟ್ಟೆ ಅಂಗಡಿಗೆ ಗೋಲ್ಡನ್ ನೆಲ ಬೇಡವೇ ಬೇಡ, ಯಾವ ಶೇಡ್ ಆದರೂ. ಬಂಗಾರದ ಕಳೆ ಬೇಕಿದ್ದರೆ ತಿಳಿ ಬಣ್ಣದ ನೆಲಕ್ಕೆ ಅಂಚಿನಲ್ಲಿ ಹಿತ್ತಾಳೆ ಪಟ್ಟಿ ಕೂರಿಸಿ, ಆಸಿಡ್ ತಾಗಿಸಬೇಡಿ. ಹೆಚ್ಚು ಓಡಾಟ ಇರೋ ಜಾಗಕ್ಕೆ ಡಬಲ್ ಚಾರ್ಜ್ ಅಥವಾ ಫುಲ್ ಬಾಡಿ (ಪೂರ್ತಿ ದಪ್ಪಕ್ಕೂ ಬಣ್ಣ ಇರೋ) ಟೈಲ್ಸ್ ಕೇಳಿ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರ ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ, ಸವೆದರೂ ಗೊತ್ತಾಗಲ್ಲ. ನಾನು ಹಾಕಿಸಿದ್ದ, ಗಾಜಿನಂಥ ಲೇಪ ಇರೋ ಪಾಲಿಶ್ ಗ್ಲೇಜ್‌ನಲ್ಲಿ ಬಣ್ಣ ಅನ್ನೋದು ಮೇಲೆ ಪ್ರಿಂಟ್ ಮಾಡಿದ ತೆಳು ಪದರ. ಗ್ಲೇಜ್ ಇರೋದೇ ತಗೊಳ್ಳೋದಾದರೆ ಸವೆತದ ಪಿಇಐ ನಂಬರ್ 4 ಅಥವಾ 5 ಇದೆಯಾ ಕೇಳಿ.

ಮನೆಗೆ ಗೋಲ್ಡನ್ ಹಾಕಿಸಿ, ಖಂಡಿತ ಹಾಕಿಸಿ. ಜೈಸಲ್ಮೇರ್ ಹಳದಿ ಕಲ್ಲನ್ನೂ ಒಮ್ಮೆ ನೋಡಿ. ದೇವರ ಮನೆಗೆ ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಅದು ಸುಣ್ಣದ ಕಲ್ಲು. ನಿಂಬೆಹಣ್ಣು, ಹುಣಸೆಹುಳಿ ಬಿದ್ದರೆ ಕಲೆ ಉಳಿಯುತ್ತದೆ, ಅಡುಗೆಮನೆಗೆ ಬೇಡ.

ಟೈಲ್ಸೇ ಆದರೆ ಒಂದು ಬಾಕ್ಸ್ ಮಾತ್ರ ದುಡ್ಡು ಕೊಟ್ಟು ತನ್ನಿ. ಹಾಲ್‌ನಲ್ಲಿ ನೀವು ಹಾಕೋ ಬಲ್ಬನ್ನೇ ತಾತ್ಕಾಲಿಕವಾಗಿ ಹಾಕಿ, ಟೈಲ್ಸ್ ನೆಲದ ಮೇಲೆ ಮಲಗಿಸಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ರಾತ್ರಿ ಊಟ ಆದ ಮೇಲೆ, ಮೂರು ಸಲ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದು ತೋರಿಸಿ. ಒಪ್ಪಿಗೆಯಾದ ಮೇಲೆ ಎಲ್ಲ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿ, ಎರಡು ಬಾಕ್ಸ್ ಜಾಸ್ತಿ ತಗೊಳ್ಳಿ.

ಹಾಲ್‌ನ ದೊಡ್ಡ ಕಿಟಕಿ ಯಾವ ದಿಕ್ಕಿಗಿದೆ ಅಂತ ನೀವು ಬರೆದಿಲ್ಲ. ಉತ್ತರಕ್ಕಿದ್ದರೆ ಹಗಲಿನಲ್ಲೂ ಹೆಚ್ಚಾಗಿ ತಣ್ಣನೆ ನೀಲಿ ಬೆಳಕೇ ಬರುತ್ತದೆ, ಆಗ ಹಸಿರು ತಿರುಗದ, ಸ್ವಲ್ಪ ಕೆಂಪು ಬೆರೆತ ಶೇಡ್ ಹುಡುಕಬೇಕು. ಪಶ್ಚಿಮಕ್ಕಿದ್ದರೆ ತಿಳಿ ಶೇಡ್ ಸಾಕು, ಸಂಜೆ ಬಿಸಿಲೇ ಅದಕ್ಕೆ ಬಣ್ಣ ತುಂಬುತ್ತದೆ. ದಿಕ್ಕು ತಿಳಿಸಿ, ಸಾಧ್ಯವಾದರೆ ರಾತ್ರಿ ಲೈಟ್ ಹಾಕಿ ತೆಗೆದ ಒಂದು ಫೋಟೊ ಹಾಕಿ.