ನಿರ್ಬಂಧಿತ ಜಾಲತಾಣವನ್ನು ವಿಪಿಎನ್ ಮೂಲಕ ನೋಡುವುದು ಸತ್ಯಾಗ್ರಹವೇ?

ಕಲಬುರಗಿಯ ಕೋಣೆಯೊಂದರಲ್ಲಿ ಕುಳಿತು, ಅಂತರ್ಜಾಲ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಬಳಸಿ ಅದನ್ನು ಗುಟ್ಟಾಗಿ ತೆರೆಯುವುದು ಸತ್ಯಾಗ್ರಹವಾಗದು. ಸವಿನಯ ಕಾನೂನುಭಂಗವು ಅಹಿಂಸಾತ್ಮಕವಾಗಿರುವುದರ ಜೊತೆಗೆ ಬಹಿರಂಗವಾಗಿಯೂ ಇರಬೇಕು, ಶಿಕ್ಷೆಯನ್ನು ಅನುಭವಿಸುವ ಸಿದ್ಧತೆಯೂ ಬೇಕು. ಈ ಭಾಗವನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1938ರಲ್ಲಿ ಸ್ವಾಮಿ ರಮಾನಂದ ತೀರ್ಥರು ಮತ್ತು ಇತರರು, ನಿಜಾಮ್ ಸರ್ಕಾರ ನಿಷೇಧಿಸಿದ್ದ ಸ್ಟೇಟ್ ಕಾಂಗ್ರೆಸ್ಸಿನ ಪರವಾಗಿ ಬಹಿರಂಗವಾಗಿಯೇ ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದರು. ಇಂದಿನ ತೊಡಕು ಬೇರೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಹೊರಡುವ, ಜಾಲತಾಣವನ್ನು ನಿರ್ಬಂಧಿಸುವ ಸರ್ಕಾರಿ ಆದೇಶವು ಓದುಗನಿಗಲ್ಲ, ಸೇವೆ ಒದಗಿಸುವ ಕಂಪನಿಗೆ ಹೋಗುತ್ತದೆ, ಪಾಲಿಸದಿದ್ದರೆ 7 ವರ್ಷದವರೆಗಿನ ಸೆರೆವಾಸವೂ ಅದಕ್ಕೇ ಅನ್ವಯಿಸುತ್ತದೆ. ಹೀಗಾಗಿ, ವಿಚಿತ್ರವೆನಿಸಿದರೂ, ಓದುಗನಿಗೆ ಆ ಕಲಮಿನಲ್ಲಿ ಮುರಿಯಲು ನಿಯಮವೇ ಇಲ್ಲ. ಉಳಿಯುವುದು ನ್ಯಾಯಾಲಯದ ದಾರಿ: 2015ರಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಅದೇ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿತು, ಆದರೆ ಅದೇ ತೀರ್ಪಿನಲ್ಲಿ 69ಎಯನ್ನು ಎತ್ತಿಹಿಡಿಯಿತು.