ಮೊದಲು ಹೊರಟಿದ್ದು ತಾಯಿ, ಅದನ್ನೇ ಬರೆಯಿರಿ

ಆತ್ಮೀಯರೇ,

ನಮಸ್ಕಾರ. ಮೇರಿಲ್ಯಾಂಡಿನ ಸೆವರ್ನ್ ನದಿಯ ದಂಡೆಯಲ್ಲಿರುವ ಮಗಳ ಮನೆಯ ಡೆಕ್ಕಿನಲ್ಲಿ ಕೂತು, ನೀರಿನ ನಡುವೆ ನೆಟ್ಟ ಕಂಬದ ಮೇಲೆ ಗೂಡು ಕಟ್ಟಿದ, ಮೀನು ಹಿಡಿದು ಬದುಕುವ ಬೇಟೆಹಕ್ಕಿ ಆಸ್ಪ್ರೇಯ ಜೋಡಿಯನ್ನೂ ಅದರ ಮರಿಗಳನ್ನೂ ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ನೋಡಿ ನೀವು ಬರೆದ 'ಹೋಗಿ ಬನ್ನಿ ಮಕ್ಕಳೇ' ಲೇಖನವನ್ನು ಓದಿದೆ. "ಉಪಯೋಗಕ್ಕೆ ಬಂದೀತೇನೋ" ಎಂದು ಜೊತೆಗಿಟ್ಟ ದಿನಚರಿಯ ಜೆರಾಕ್ಸ್ ಪುಟಗಳನ್ನೂ ಓದಿದೆ. ಲೇಖನವನ್ನು ಈಗಿನ ರೂಪದಲ್ಲಿ ನಾವು ಪ್ರಕಟಿಸಲಾರೆವು. ಆದರೆ ದಿನಚರಿ ಓದಿದ ಮೇಲೆ, ಎರಡು ಸಾಲಿನ ವಿಷಾದಪತ್ರದ ಜೊತೆ ಅದನ್ನು ಹಿಂದಿರುಗಿಸಲು ಮನಸ್ಸು ಬರಲಿಲ್ಲ. ಹಕ್ಕಿಗಳ ಬಗ್ಗೆ ಬರೆಯಹೊರಟ ಬೇರೆಯವರಿಗೂ ಅನುಕೂಲವಾಗಲಿ ಎಂದು, ನಿಮ್ಮ ಒಪ್ಪಿಗೆ ಪಡೆದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ನೇರವಾಗಿ ಕೊನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ಸೆಪ್ಟೆಂಬರಿನ ಒಂದು ಮುಂಜಾನೆ ತಾಯಿ ಹಕ್ಕಿ ಮಕ್ಕಳನ್ನು ಕೂಗಿ ಕರೆಯುತ್ತದೆ. ತಂದೆ ಮುಂದೆ, ಮಕ್ಕಳಿಬ್ಬರು ನಡುವೆ, ತಾಯಿ ಹಿಂದೆ, ಹೀಗೆ ಸಾಲಾಗಿ ದಕ್ಷಿಣದತ್ತ ಹಾರಿಹೋಗುತ್ತವೆ. ನೀವು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೀರಿ. ಇದು ನಡೆದಿಲ್ಲ, ನಡೆಯುವುದೂ ಇಲ್ಲ. ಆಸ್ಪ್ರೇಗಳು ಸಂಸಾರ ಕಟ್ಟಿಕೊಂಡು ವಲಸೆ ಹೋಗುವ ಹಕ್ಕಿಗಳಲ್ಲ. ಪ್ರತಿಯೊಂದೂ ಒಂಟಿಯಾಗಿ, ತನ್ನದೇ ದಿನ ನೋಡಿಕೊಂಡು, ತನ್ನದೇ ಜಾಗಕ್ಕೆ ಹೊರಡುತ್ತದೆ. ಗಂಡು ಹೆಣ್ಣು ಚಳಿಗಾಲವನ್ನು ಒಟ್ಟಿಗೆ ಕಳೆಯುವುದೂ ಇಲ್ಲ. ಇದೆಲ್ಲ ನಿಮ್ಮ ದಿನಚರಿಗೆ ಗೊತ್ತಿತ್ತು. ಆಗಸ್ಟ್ ಮೂರನೆಯ ವಾರದ ಪುಟದಲ್ಲಿ ನೀವೇ ಬರೆದಿದ್ದೀರಿ: "ಹೆಣ್ಣು ಕಾಣಲಿಲ್ಲ." ಮರುದಿನ: "ಇವತ್ತೂ ಇಲ್ಲ. ಗಂಡು ಎರಡು ಸಲ ಮೀನು ತಂದಿತು." ಆಮೇಲೆ ಊರಿಗೆ ಹೊರಡುವವರೆಗೂ ಹೆಣ್ಣಿನ ಸುದ್ದಿಯೇ ಇಲ್ಲ. ಎದೆಗೆ ಅಡ್ಡಲಾಗಿರುವ ಕಂದು ಪಟ್ಟಿಯಿಂದ ಅದನ್ನು ಗುರುತಿಸಲು ನೀವು ಏಪ್ರಿಲಿನಲ್ಲೇ ಕಲಿತಿದ್ದಿರಿ. ಹಾಗಾಗಿ ಕಣ್ತಪ್ಪಿರುವ ಸಾಧ್ಯತೆ ಕಡಿಮೆ. ಅದು ಹೊರಟುಹೋಗಿತ್ತು.

ಇಡೀ ಬರಹದ ಜೀವ ಈ ಮೂರು ಸಾಲಿನಲ್ಲಿದೆ. ಲೇಖನ ಬರೆಯಲು ಕೂತಾಗ ನೀವು ಇದನ್ನೇ ಅಳಿಸಿಹಾಕಿದ್ದೀರಿ. ಮಕ್ಕಳನ್ನು ಬಿಟ್ಟು ತಾಯಿ ಮೊದಲು ಹೋಗುವುದೆಂದರೇನು ಎಂಬ ಸಂಕಟ ನಿಮಗಾಗಿರಬೇಕು. ಆ ಸಂಕಟ ಓದುಗರಿಗೂ ಆಗಲಿ ಬಿಡಿ. ಆಮೇಲೆ ಹಕ್ಕಿಯ ಲೆಕ್ಕಾಚಾರವನ್ನು ತೆರೆದಿಡಿ. ಐದು ವಾರಕ್ಕೂ ಹೆಚ್ಚು ಕಾಲ ಮೊಟ್ಟೆಗೆ ಕಾವು ಕೊಡುವ ಕೆಲಸದಲ್ಲಿ ದೊಡ್ಡ ಪಾಲು ಹೆಣ್ಣಿನದು. ಮೊಟ್ಟೆಯೊಡೆದು ಮರಿ ಬಂದ ಮೇಲೆ ಬಿಸಿಲಿಗೆ ರೆಕ್ಕೆ ಹರಡಿ ನೆರಳು ಕೊಟ್ಟದ್ದು, ಮೀನನ್ನು ಚೂರು ಚೂರಾಗಿ ಹರಿದು ಬಾಯಿಗಿಟ್ಟದ್ದು ಕೂಡ ಹೆಣ್ಣೇ. ಆ ತಿಂಗಳುಗಳಲ್ಲಿ ಬೇಟೆ ಬಹುಮಟ್ಟಿಗೆ ಗಂಡಿನದು. ಏಳೆಂಟು ವಾರಕ್ಕೆ ಮರಿಗಳು ಹಾರಲು ಕಲಿತ ಮೇಲೆ ಅವುಗಳಿಗೆ ಬೇಕಾದದ್ದು ಮೀನು, ಅದನ್ನು ತರಲು ಗಂಡು ಇದೆ. ಹೆಣ್ಣು ತನ್ನ ಮೈ ಸುಧಾರಿಸಿಕೊಳ್ಳಬೇಕು, ಮುಂದೆ ಸಾವಿರಾರು ಕಿಲೋಮೀಟರ್ ದಾರಿಯಿದೆ. ಹೊರಡುತ್ತದೆ. ಗಂಡು ಉಳಿದು ಮರಿಗಳು ಹೋಗುವವರೆಗೂ ಉಣಿಸುತ್ತದೆ, ಸಾಮಾನ್ಯವಾಗಿ ಕೊನೆಗೆ ಗೂಡು ಬಿಡುವುದು ಅದೇ. ಆ ಗಂಡಿನ ಬಗ್ಗೆ ನಿಮ್ಮ ಲೇಖನದಲ್ಲಿ ಇರುವುದು ಒಂದು ವಿಶೇಷಣ, "ಕರ್ತವ್ಯನಿಷ್ಠ". ದಿನಚರಿಯಲ್ಲಿ ಎಷ್ಟೊಂದಿದೆ! ಮೀನಿನ ತಲೆ ತಿಂದು ಉಳಿದದ್ದನ್ನು ಗೂಡಿಗೆ ತರುತ್ತಿತ್ತು. ಹಿಡಿದ ಮೀನಿನ ತಲೆಯನ್ನು ಯಾವಾಗಲೂ ಹಾರುವ ದಿಕ್ಕಿಗೇ ತಿರುಗಿಸಿಕೊಳ್ಳುತ್ತಿತ್ತು. ಮಳೆ ಹೊಯ್ದು ನದಿ ಕದಡಿದ ದಿನ ಮೀನಿಲ್ಲದೆ ಬರಿಗಾಲಲ್ಲಿ ಮರಳುತ್ತಿತ್ತು. ವಿಶೇಷಣ ತೆಗೆದು ಇವನ್ನು ಹಾಕಿ.

ಎರಡನೆಯ ತಕರಾರು, ತಾಯ್ತಂದೆಯರು ಮಕ್ಕಳಿಗೆ ಮೀನು ಹಿಡಿಯುವುದನ್ನೂ ದೂರದ ದಾರಿಯನ್ನೂ "ಹೇಳಿಕೊಟ್ಟರು" ಎಂಬ ಭಾಗದ್ದು. ಯಾರೂ ಹೇಳಿಕೊಡುವುದಿಲ್ಲ. ಇದಕ್ಕೆ ಇಂಗ್ಲೆಂಡಿನಲ್ಲಿ ಸಿಕ್ಕಷ್ಟು ಸ್ಪಷ್ಟ ಪುರಾವೆ ಬೇರೆ ಬೇಕಿಲ್ಲ. ಬೇಟೆಗಾರರು ಮತ್ತು ಮೊಟ್ಟೆಗಳ್ಳರ ಕಾಟದಿಂದ ಬ್ರಿಟನ್ನಿನಲ್ಲಿ 20ನೇ ಶತಮಾನದ ಆರಂಭಕ್ಕೆ ಗೂಡು ಕಟ್ಟುವ ಆಸ್ಪ್ರೇಗಳು ಇಲ್ಲವಾಗಿದ್ದವು. 1954ರಲ್ಲಿ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಬಳಿ ಒಂದು ಜೋಡಿ ತಾನಾಗಿ ಮರಳಿತು. 1958ರಲ್ಲಿ ಅಲ್ಲಿಯೂ ಕಳ್ಳರು ಮೊಟ್ಟೆಗೆ ಕೈ ಹಾಕಿದ ಮೇಲೆ, 1959ರಿಂದ ಆ ಗೂಡಿಗೆ ಕಾವಲು ಹಾಕಿ, ಜನ ಬಂದು ದೂರದಿಂದ ನೋಡುವ ವ್ಯವಸ್ಥೆ ಮಾಡಿದರು. ಸ್ಕಾಟ್ಲೆಂಡಿನಲ್ಲಿ ಸಂಖ್ಯೆ ಹೆಚ್ಚಿದ ಮೇಲೆ, 1996ರಿಂದ ಅಲ್ಲಿನ ಮರಿಗಳನ್ನು ಹಾರಲು ಕಲಿಯುವ ಮೊದಲೇ ತಂದು ಇಂಗ್ಲೆಂಡಿನ ರಟ್ಲಂಡ್ ವಾಟರ್ ಜಲಾಶಯದ ದಂಡೆಯಲ್ಲಿ ಬೆಳೆಸಿ ಬಿಟ್ಟರು. ಆ ಮರಿಗಳ ಜೊತೆ ಒಂದೂ ದೊಡ್ಡ ಹಕ್ಕಿ ಇರಲಿಲ್ಲ. ಆದರೂ ತಾವಾಗಿ ಮೀನು ಹಿಡಿದವು, ಶರತ್ಕಾಲ ಬಂದಾಗ ತಾವಾಗಿ ದಕ್ಷಿಣಕ್ಕೆ ಹೊರಟವು. ಬ್ರಿಟನ್ನಿನ ಆಸ್ಪ್ರೇಗಳು ಚಳಿಗಾಲ ಕಳೆಯುವುದು ಸೆನೆಗಲ್, ಗ್ಯಾಂಬಿಯಾ ಕಡೆಯ ಪಶ್ಚಿಮ ಆಫ್ರಿಕದಲ್ಲಿ. ಹೋದವುಗಳಲ್ಲಿ ಕೆಲವು ಬದುಕಿ ರಟ್ಲಂಡಿಗೇ ವಾಪಸು ಬಂದವು, 2001ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. ಯಾವ ದಿಕ್ಕಿಗೆ, ಸುಮಾರು ಎಷ್ಟು ಕಾಲ ಹಾರಬೇಕು ಎಂಬುದು ಮರಿಯ ಮೈಯಲ್ಲೇ ಹುಟ್ಟಿನಿಂದ ಇದೆ. ಅದಕ್ಕೆ ತಿಳಿಯದಿರುವುದು ದಾರಿಯ ವಿವರ. ಗಾಳಿ ತಳ್ಳಿದರೆ ಎಲ್ಲಿ ಸರಿಪಡಿಸಿಕೊಳ್ಳಬೇಕು, ಸಮುದ್ರ ಎಲ್ಲಿ ಕಿರಿದಾಗುತ್ತದೆ ಎಂಬುದನ್ನು ದೊಡ್ಡ ಹಕ್ಕಿ ಹೋಗಿ ಬಂದು ಕಲಿತಿರುತ್ತದೆ. ಮೊದಲ ಸಲ ಹೊರಟ ಮರಿಗಳು ಗಾಳಿಯ ಸೆಳೆತಕ್ಕೆ ಸಿಕ್ಕಿ ಅಟ್ಲಾಂಟಿಕ್ ಮೇಲೆ ಹೋಗಿಬಿಡುವುದನ್ನು ಬೆನ್ನಿಗೆ ಕಟ್ಟಿದ ಉಪಗ್ರಹ ಟ್ರಾನ್ಸ್‌ಮಿಟರ್‌ಗಳು ತೋರಿಸಿಕೊಟ್ಟಿವೆ. ಎಷ್ಟೋ ಮರಿಗಳು ಮೊದಲ ವರ್ಷ ದಾಟುವುದಿಲ್ಲ.

ಈಗ ನಿಮ್ಮ ಗೂಡಿನ ಎರಡು ಮರಿಗಳನ್ನು ನೋಡಿ. ಕಿತ್ತಳೆ ಬಣ್ಣದ ಕಣ್ಣು, ಬೆನ್ನಿನ ಕಂದು ಗರಿಗಳಿಗೆ ತಿಳಿ ಅಂಚು. ಎರಡನ್ನೂ ಗಮನಿಸಿ ಬರೆದಿದ್ದೀರಿ. ಜುಲೈಯಲ್ಲಿ ಗೂಡಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಒಂದಡಿ ಮೇಲೆದ್ದು ಮತ್ತೆ ಕೂರುತ್ತಿದ್ದದ್ದನ್ನೂ ಬರೆದಿದ್ದೀರಿ. ಫ್ಲಾರಿಡಾ, ಕ್ಯೂಬಾ, ಹಿಸ್ಪಾನಿಯೋಲಾ ದ್ವೀಪ, ಅಲ್ಲಿಂದ ಕೆರಿಬಿಯನ್ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ವೆನಿಜುವೆಲಾ ಅಥವಾ ಕೊಲಂಬಿಯಾ, ಮತ್ತೂ ಮುಂದೆ ಬ್ರೆಜಿಲ್ಲಿನ ನದಿಗಳು: ಅಮೆರಿಕದ ಪೂರ್ವ ತೀರದ ಆಸ್ಪ್ರೇಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಇದು. ಆಗಸ್ಟಿನಲ್ಲಿ ನದಿಗೆ ಧುಮುಕಿ ಬರಿಗಾಲಲ್ಲಿ ಎದ್ದು ಬರುತ್ತಿದ್ದ ಮರಿ ಇಷ್ಟು ದಾರಿಯನ್ನು ಒಂಟಿಯಾಗಿ ಹೋಗುತ್ತದೆ. ಹೋಗಿ ಮುಂದಿನ ವಸಂತಕ್ಕೆ ತಿರುಗಿ ಬರುವುದೂ ಇಲ್ಲ. ಅಲ್ಲೇ ಒಂದೂವರೆ ವರ್ಷ ಇದ್ದು, ಎರಡು ತುಂಬುವ ಹೊತ್ತಿಗೆ ಮೊದಲ ಬಾರಿ ಉತ್ತರಕ್ಕೆ ಹೊರಡುತ್ತದೆ. ಗೂಡು ಕಟ್ಟುವುದು ಇನ್ನೂ ಆಮೇಲೆ. ಇಷ್ಟು ಇರುವಾಗ, ನಾಲ್ವರ ಆ ಮೆರವಣಿಗೆ ಏಕೆ ಬೇಕಾಯಿತು?

ಏಕೆಂಬುದು ನನಗೆ ಹೊಳೆಯುತ್ತದೆ. ಸೆಪ್ಟೆಂಬರ್ ಎರಡನೆಯ ವಾರ ನಿಮ್ಮ ಆರು ತಿಂಗಳು ಮುಗಿದವು, ನೀವು ಮೈಸೂರಿನ ವಿಮಾನ ಹಿಡಿಯಬೇಕಾಯಿತು. ಆ ದಿನ ಬೆಳಿಗ್ಗೆಯೂ ಗಂಡು ಮತ್ತು ಒಂದು ಮರಿ ಅಲ್ಲೇ ಇದ್ದವು ಎಂದು ದಿನಚರಿ ಹೇಳುತ್ತದೆ. ಕತೆಯ ಕೊನೆ ನೋಡಲು ಸಿಗಲಿಲ್ಲ, ಆದ್ದರಿಂದ ಒಂದು ಕೊನೆಯನ್ನು ಕಟ್ಟಿದಿರಿ. ಕಟ್ಟಬೇಡಿ. ನೋಡಿದ್ದು ಎಲ್ಲಿಗೆ ನಿಂತಿತೋ ಲೇಖನವೂ ಅಲ್ಲಿಗೆ ನಿಲ್ಲಲಿ. ಹಕ್ಕಿ ಹೋಗುವುದನ್ನು ಕಾಯುತ್ತಿದ್ದವರೇ ಅದಕ್ಕಿಂತ ಮೊದಲು ಹೊರಡಬೇಕಾಯಿತು ಎಂಬ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ, ಅದಕ್ಕೆ ಅಲಂಕಾರ ಬೇಡ.

ಇನ್ನೊಂದು ತಪ್ಪನ್ನು ತಿದ್ದಲೇಬೇಕು. "ಈ ಮರಿಗಳೇ ಚಳಿಗಾಲದಲ್ಲಿ ನಮ್ಮ ಕಬಿನಿಗೆ ಬಂದರೂ ಬಂದಾವು" ಎಂದಿದ್ದೀರಿ. ಬರುವುದಿಲ್ಲ. ಕಬಿನಿ, ಭದ್ರಾ ಹಿನ್ನೀರುಗಳಲ್ಲಿ ಒಣಗಿದ ಮರದ ತುದಿಯಲ್ಲಿ ಕೂತು ಮೀನು ಹರಿಯುವ ಹಕ್ಕಿ ಇದೇ ಜಾತಿಯದು, ಆದರೆ ಏಷ್ಯಾದ ಉತ್ತರ ಭಾಗಗಳಲ್ಲಿ ಗೂಡು ಕಟ್ಟಿ ಬಂದದ್ದು. ನಿಮ್ಮ ಹಕ್ಕಿಯ ಲೋಕ ಎರಡು ಅಮೆರಿಕಗಳ ನಡುವೆ ಮುಗಿಯುತ್ತದೆ. ಹಾಗೆಂದು ಕಬಿನಿಯನ್ನು ಪೂರ್ತಿ ಬಿಡಬೇಕಿಲ್ಲ. ಕರ್ನಾಟಕದಲ್ಲಿ ಇದು ಗೂಡು ಕಟ್ಟುವುದಿಲ್ಲ. ನಮ್ಮ ಓದುಗರಲ್ಲಿ ಹಕ್ಕಿ ನೋಡುವ ಅಭ್ಯಾಸ ಇರುವವರೂ ಇದರ ಚಳಿಗಾಲವನ್ನಷ್ಟೇ ಬಲ್ಲರು, ಒಂಟಿಯಾಗಿ, ಮೌನವಾಗಿ, ಮನೆಯಿಲ್ಲದೆ ಇರುವ ಹಕ್ಕಿಯನ್ನಷ್ಟೇ ನೋಡಿದ್ದಾರೆ. ಗೂಡು, ಮೊಟ್ಟೆ, ಮರಿ, ಗಲಾಟೆ ಇರುವ ಇನ್ನರ್ಧವನ್ನು ನೋಡಿದವರು ನೀವು. ಈ ಲೇಖನ ಕನ್ನಡದಲ್ಲಿ ಬರಬೇಕು ಎಂದು ನಾನು ಹಟ ಹಿಡಿಯುತ್ತಿರುವುದು ಇದೇ ಕಾರಣಕ್ಕೆ.

ಮೂರನೆಯ ಮರಿಯ ವಿಷಯ. ಜೂನಿನಲ್ಲಿ ಅದು ಸತ್ತದ್ದನ್ನು "ವಿಧಿಯಾಟ" ಎಂದು ಒಂದು ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ನಿಲ್ಲಿ. ಮೊದಲ ಮೊಟ್ಟೆ ಇಟ್ಟಾಗಲೇ ಕಾವು ಶುರುವಾಗುವುದರಿಂದ ಮರಿಗಳು ಒಂದೇ ದಿನ ಹುಟ್ಟುವುದಿಲ್ಲ, ಕಿರಿಯದು ಹುಟ್ಟುವಾಗ ಹಿರಿಯದು ಆಗಲೇ ಗಟ್ಟಿಯಾಗಿರುತ್ತದೆ. ಮೀನು ಸಾಕಷ್ಟಿದ್ದರೆ ಎಲ್ಲಕ್ಕೂ ಸಿಗುತ್ತದೆ. ಕಡಿಮೆಯಾದರೆ ಹಿರಿಯದು ಕುಕ್ಕಿ ಕಿರಿಯದನ್ನು ಹಿಂದಕ್ಕೆ ತಳ್ಳುತ್ತದೆ, ತಾಯಿ ಮುಂದೆ ಬಂದ ಬಾಯಿಗೆ ಕೊಡುತ್ತದೆ. ದಿನಚರಿಯಲ್ಲಿ ಆ ವಾರ ಗೂಡಿಗೆ ಬಂದ ಮೀನುಗಳ ಲೆಕ್ಕ ಬರೆದಿಟ್ಟಿದ್ದೀರಿ, ಅದು ಹಿಂದಿನ ವಾರಕ್ಕಿಂತ ಕಡಿಮೆಯಿದೆ. ಈ ಲೆಕ್ಕವನ್ನು ಲೇಖನದಲ್ಲಿ ಕೊಡಿ.

"ಈ ವರ್ಷ ಮೆನ್ಹೇಡನ್ ಕಡಿಮೆ" ಎಂದು ಪಕ್ಕದ ಮನೆಯವರು ಹೇಳಿದ ಮಾತನ್ನೂ ಬರೆದುಕೊಂಡಿದ್ದೀರಿ. ಮೆನ್ಹೇಡನ್ ನಮ್ಮ ಕರಾವಳಿಯ ಭೂತಾಯಿ ಮೀನಿಗೆ ನೆಂಟ. ಭೂತಾಯಿಯ ಹಾಗೆಯೇ ಎಣ್ಣೆ ಮತ್ತು ಮೀನುಹಿಟ್ಟಿನ ಕಾರ್ಖಾನೆಗೆ ಅದನ್ನು ರಾಶಿ ರಾಶಿ ಹಿಡಿಯುತ್ತಾರೆ. ಸೆವರ್ನ್ ಬಂದು ಸೇರುವ ಚೆಸಪೀಕ್ ಕೊಲ್ಲಿಯ ದಕ್ಷಿಣ ಭಾಗದಲ್ಲಿ, ವರ್ಜೀನಿಯಾದ ಮಾಬ್‌ಜಾಕ್ ಕೊಲ್ಲಿಯಂಥ ಕಡೆ, ಈಚಿನ ವರ್ಷಗಳಲ್ಲಿ ಬಹುಪಾಲು ಗೂಡುಗಳಿಂದ ಒಂದು ಮರಿಯೂ ಹಾರಲಿಲ್ಲ. ಮೆನ್ಹೇಡನ್ ಸಿಗದೆ ಮರಿಗಳು ಹಸಿವಿನಿಂದ ಸಾಯುತ್ತಿವೆ ಎನ್ನುವುದು ಅಲ್ಲಿ ದಶಕಗಳಿಂದ ಅಧ್ಯಯನ ನಡೆಸುತ್ತಿರುವ ವಿಲಿಯಂ ಅಂಡ್ ಮೇರಿ ಕಾಲೇಜಿನ ಸಂಶೋಧಕರ ವಾದ. ಮೀನುಗಾರಿಕೆ ಉದ್ಯಮ ಅದನ್ನು ಒಪ್ಪುವುದಿಲ್ಲ, ಜಗಳ ನಡೆದೇ ಇದೆ. ನೀವು ಇದನ್ನು ಹೇಳಬೇಕು, ಆದರೆ ನಿಮ್ಮ ಗೂಡಿನ ಮರಿಯ ಸಾವಿಗೂ ಇದೇ ಕಾರಣ ಎಂದು ತೀರ್ಪು ಕೊಡಬಾರದು. ಸೆವರ್ನ್ ಇರುವುದು ಕೊಲ್ಲಿಯ ಮೇಲ್ಭಾಗದಲ್ಲಿ, ಉಪ್ಪು ಕಡಿಮೆಯಿರುವ ಅಂಥ ನೀರಿನಲ್ಲಿ ಹಕ್ಕಿಗೆ ಬೇರೆ ಮೀನುಗಳೂ ಸಿಗುತ್ತವೆ. ಒಂದು ಗೂಡನ್ನು ನೋಡಿದವರು ಒಂದು ಗೂಡಿನ ಬಗ್ಗೆ ಮಾತಾಡಿದರೆ ಅದರ ತೂಕವೇ ಬೇರೆ.

ಡಿಡಿಟಿ ಎಂಬ ಕೀಟನಾಶಕದ ಇತಿಹಾಸಕ್ಕೆ ನೀವು ಎರಡು ಪುಟ ಕೊಟ್ಟಿದ್ದೀರಿ, ಒಂದು ಪ್ಯಾರಾ ಸಾಕು. ಆ ವಿಷ ಮೀನಿನ ಮೂಲಕ ಹಕ್ಕಿಗೆ ಸೇರಿ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಆ ಕಾಲಕ್ಕೆ ಚೆಸಪೀಕ್ ಕೊಲ್ಲಿಯಲ್ಲಿ ಸುಮಾರು 1,450ಕ್ಕೆ ಇಳಿದಿದ್ದ ಜೋಡಿಗಳು ಮುಂದೆ ಹಲವು ಪಟ್ಟು ಹೆಚ್ಚಿದವು. ಇಷ್ಟು ಗೊತ್ತಾದರೆ ಓದುಗರಿಗೆ ಹಿನ್ನೆಲೆ ಸಿಕ್ಕಿತು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಕೈಯಲ್ಲಿ ಒಳ್ಳೆಯ ಕನ್ನಡವಿದೆ ಎಂದು ದಿನಚರಿ ತೋರಿಸಿದೆ. ಲೇಖನದಲ್ಲಿ "ಪ್ರಕೃತಿ ಮಾತೆಯ ಮಡಿಲು", "ಮುಗ್ಧ ಕಂದಮ್ಮಗಳು", "ಇಂಪಾದ ಕಲರವ" ಎಂದಿದೆ. ದಿನಚರಿಯಲ್ಲಿ "ಬೆಳಗ್ಗೆ ಐದೂವರೆಗೇ ಶುರು, ಕಿವಿ ಕೊರೆಯುವ ಸೀಟಿ, ಅಪ್ಪ ಕಾಣುವವರೆಗೂ ನಿಲ್ಲಿಸುವುದಿಲ್ಲ, ಅಳಿಯಂದಿರು ಕಿಟಕಿ ಮುಚ್ಚಿದರು" ಎಂದಿದೆ. ಎರಡನೆಯದು ಆಸ್ಪ್ರೇ ಮರಿ, ಮೊದಲನೆಯದು ಯಾವ ಹಕ್ಕಿಯಾದರೂ ಆಗಬಹುದು. ಗೂಡಿಗೆ ಗಂಡು ತಂದು ಸೇರಿಸಿದ ನೀಲಿ ಪ್ಲಾಸ್ಟಿಕ್ ದಾರವನ್ನು ದಿನಚರಿಯಲ್ಲಿ ಮೂರು ಕಡೆ ಆತಂಕದಿಂದ ಬರೆದಿದ್ದೀರಿ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಇಂಥ ದಾರ ಕಾಲಿಗೆ ಸುತ್ತಿಕೊಂಡು ಮರಿಗಳು ಸಾಯುವುದುಂಟು. ನಿಮ್ಮ ಆತಂಕಕ್ಕೆ ಆಧಾರವಿತ್ತು, ಅದನ್ನು ಸೇರಿಸಿ.

ಹೊಸದಾಗಿ ಬರೆಯುವಾಗ ಹಳೆಯ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ದಿನಚರಿ ಮಾತ್ರ ಇರಲಿ. ಹೆಣ್ಣು ಕಾಣೆಯಾದ ದಿನದಿಂದ ಶುರುಮಾಡಿ ಹಿಂದಕ್ಕೆ ಹೋಗಬಹುದು, ಅಥವಾ ಮಾರ್ಚಿಯಿಂದ ನೇರವಾಗಿ ಬರಬಹುದು, ಆಯ್ಕೆ ನಿಮ್ಮದು. ಗಂಡು ಕೊನೆಯ ಸಲ ಕಂಡದ್ದು ಯಾವತ್ತೆಂದು ಮಗಳಿಗೆ ಫೋನ್ ಮಾಡಿ ಕೇಳಿ. ಅವರು ಗಮನಿಸಿರದಿದ್ದರೆ ಹಾಗೆಂದೇ ಬರೆಯಿರಿ. ಶೀರ್ಷಿಕೆಯನ್ನೂ ಬದಲಿಸಬೇಕಾಗುತ್ತದೆ, ಮಕ್ಕಳನ್ನು ಕಳಿಸಿಕೊಡಲು ತಾಯಿ ಅಲ್ಲಿ ಇರಲೇ ಇಲ್ಲವಲ್ಲ. ಎರಡು ಸಾವಿರ ಪದ ದಾಟದಿರಲಿ. ಚೆಸಪೀಕಿಗೆ ಆಸ್ಪ್ರೇಗಳು ಮರಳುವುದು ಮಾರ್ಚ್ ಮಧ್ಯಭಾಗದಲ್ಲಿ. ಜನವರಿ ಮುಗಿಯುವುದರೊಳಗೆ ನಿಮ್ಮ ಲೇಖನ ನನ್ನ ಕೈಗೆ ಬಂದರೆ ಮಾರ್ಚ್ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ